ಕಾಲುವೆಗೆ ಇಳಿಯದ ಸೊಸೆ

ಮರಳಿ, ತಾ. ಗಂಗಾವತಿ
ಮಂಗಳವಾರ, 29 ಜುಲೈ 2025

ಪ್ರೀತಿಯ ಅಜ್ಜಾ,

ನಾನು ಮುಳುಗಲಿಲ್ಲ! ನಾನು ಕೂಸಿದ್ದಾಗ ನೀವು ನನ್ನ ತಲೆಯ ಮೇಲೆ ಎರೆದ ನೀರನ್ನೇ ಇಲ್ಲಿನ ಚರ್ಚಿನ ಸಭೆಯವರು ದೀಕ್ಷಾಸ್ನಾನ ಎಂದು ಒಪ್ಪಿಕೊಂಡರು. ಮೊದಲು ಆರೋಗ್ಯ ಕೇಳಬೇಕಿತ್ತು, ಗೊತ್ತು, ಆದರೆ ಎರಡು ದಿನದಿಂದ ಈ ಸುದ್ದಿ ಹೊಟ್ಟೆಯಲ್ಲಿ ಕುಣಿಯುತ್ತಿತ್ತು. ಈಗ ಹೇಳಿ, ಮೊಣಕಾಲು ಹೇಗಿದೆ? ಅವ್ವ ಕಾಯಿಸಿಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತೀರೋ, ಬಾಟಲಿಯನ್ನು ಕಿಟಕಿಯಲ್ಲಿಟ್ಟು ನೋಡುತ್ತೀರೋ? ಅವ್ವ ಫೋನಿನಲ್ಲಿ ಎಲ್ಲ ಹೇಳುತ್ತಾಳೆ. ಅಜ್ಜನಿಗೆ ಕೊಡು ಎಂದರೆ ಮಾತ್ರ ನೀವು ಹಿತ್ತಲಿಗೆ ಹೋಗಿಬಿಡುತ್ತೀರಂತೆ. ಅದಕ್ಕೇ ಪತ್ರ. ಇಂಗ್ಲಿಷ್ ಮೀಡಿಯಂ ಹುಡುಗಿಯ ಒತ್ತಕ್ಷರ ತಪ್ಪಿದ್ದರೆ ಕೆಂಪು ಪೆನ್ನು ಹುಡುಕಬೇಡಿ. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದಿದ್ದೇನೆ, ಒಂದು ಸಲ ಹಾಲು ಉಕ್ಕಿತೆಂದು, ಎರಡು ಸಲ ಸುಮ್ಮನೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಮದುವೆಯ ಮಾತುಕತೆಯ ದಿನ, ತಮ್ಮ ಸಭೆಯಲ್ಲಿ ಕೂಸಿಗೆ ಎರೆದದ್ದು ನಡೆಯುವುದಿಲ್ಲ, ಕಾಲುವೆಗೆ ನೀರು ಬಿಟ್ಟ ಮೇಲೆ ಸೊಸೆಯನ್ನು ಮುಳುಗಿಸಿ ದೀಕ್ಷಾಸ್ನಾನ ಕೊಡಿಸುತ್ತೇವೆ ಎಂದು ಬೀಗರು ಹೇಳಿದರಲ್ಲ, ಆಗ ನೀವು ಎದ್ದು ನಿಂತು ಒಂದೇ ಮಾತು ಕೇಳಿದಿರಿ: "ಹಂಗಾರ ನಾ ಎರದದ್ದು ಬರೇ ನೀರೇನು?" ಮೂವತ್ತು ವರ್ಷ ಸಭಾಪಾಲಕರಾಗಿ ಊರಿನ ಅರ್ಧ ಮಕ್ಕಳಿಗೆ ನೀರೆರೆದವರು ಮೊಮ್ಮಗಳ ಮದುವೆಗೆ ಬರಲೇ ಇಲ್ಲ. ಫೋಟೋಗಳಲ್ಲಿ ಎಲ್ಲರೂ ನಗುತ್ತಿದ್ದಾರೆ, ನಾನು ಮಾತ್ರ ಪ್ರತಿ ಫೋಟೋದಲ್ಲೂ ಬಾಗಿಲ ಕಡೆ ನೋಡುತ್ತಿದ್ದೇನೆ.

ಈ ತಿಂಗಳು ಕಾಲುವೆಗೆ ನೀರು ಬಂತು. ಊರಿನವರೆಲ್ಲ ಭತ್ತದ ನಾಟಿಯ ಖುಷಿಯಲ್ಲಿದ್ದರೆ ನಾನು ಭಾನುವಾರಗಳನ್ನು ಎಣಿಸುತ್ತಿದ್ದೆ. ಮೊನ್ನೆ ಭಾನುವಾರ ಇಬ್ಬರ ಸರದಿ ಇತ್ತು, ನನ್ನದು ಮತ್ತು ಇವರ ಅಜ್ಜಿ ದುರುಗವ್ವನದು. (ಇವರು ಅಂದರೆ ಗಾಳೇಶ. ಹೆಸರು ಹಿಡಿದು ಕರೆದರೆ ಅತ್ತೆಯವರು ಕೆಮ್ಮುತ್ತಾರೆ, ಕಾಗದದಲ್ಲಿ ಯಾರೂ ಕೆಮ್ಮುವುದಿಲ್ಲ.) ದುರುಗವ್ವನಿಗೆ ಎಂಬತ್ತರ ಹತ್ತಿರ, ಎಡಗಾಲು ಸ್ವಾಧೀನ ತಪ್ಪಿದೆ. ಇಷ್ಟು ವರ್ಷ ಬೇಡ ಎಂದವಳು ಈ ಸಲ ತಾನೇ ದೀಕ್ಷಾಸ್ನಾನ ಬೇಕೆಂದು ಹಟ ಹಿಡಿದಿದ್ದಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕಾಲುವೆಯ ಮೆಟ್ಟಿಲಿಗೆ ಹೊತ್ತು ತಂದರು. ಹೊಸ ನೀರು, ಕೆಂಪು ಬಣ್ಣ, ಸೆಳೆತ ಭಾಳ. ಎರಡನೆಯ ಮೆಟ್ಟಿಲಿಗೆ ಇಳಿಸಿದ್ದೇ ಕುರ್ಚಿ ವಾಲಿತು. ಹಿಡಿದಿದ್ದ ಇಬ್ಬರು ಗಂಡಸರೂ ಹೆದರಿ ಮೇಲೆತ್ತಿದರು. ನೀರು ಇಳಿಯಲಿ, ಆಮೇಲೆ ನೋಡೋಣ ಎಂದರು ಪಾಸ್ಟರ್. ಅಷ್ಟು ದಿನ ಯಾರು ಇರ್ತಾರೆ ಎಂದು ದುರುಗವ್ವ ಮನೆಗೆ ಹೋಗಲೇ ಒಲ್ಲಳು.

ನನ್ನ ಬಾಯಿ ನಿಮಗೆ ಗೊತ್ತಲ್ಲ. ಅಫ್ಯೂಷನ್ ಮಾಡಬಹುದಲ್ಲ ಎಂದುಬಿಟ್ಟೆ. ಯಾವುದೋ ಗುಳಿಗೆಯ ಹೆಸರು ಹೇಳಿದೆನೋ ಎಂಬಂತೆ ಎಲ್ಲರೂ ನೋಡಿದರು. ಆಗ ಬಿಡಿಸಿ ಹೇಳಿದೆ: ಶಾಲೆಯ ಪುಸ್ತಕದಲ್ಲಿ ಕಲಿತ ಶಬ್ದ ಅದು, ಮುಳುಗಿಸದೆ ತಲೆಯ ಮೇಲೆ ನೀರು ಸುರಿದು ಕೊಡುವ ದೀಕ್ಷಾಸ್ನಾನ. ನಮ್ಮ ಅಜ್ಜ ಮೂರು ಬೊಗಸೆ ಎರೆಯುತ್ತಾರೆ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ. ರಿಜಿಸ್ಟರಿನಲ್ಲಿ 'ನೀರೆರೆದು ದೀಕ್ಷಾಸ್ನಾನ ಕೊಡಲಾಯಿತು' ಎಂದು ಬರೆಯುತ್ತಾರೆ. ಪಾಸ್ಟರ್ ಬೈಬಲಿನ ಹಾಳೆ ತಿರುವುತ್ತಲೇ ಇದ್ದರು. ದುರುಗವ್ವನಿಗೆ ತಾಳ್ಮೆ ತಪ್ಪಿತು. "ಎರಿಯಪಾ. ತಂಬಿಗಿ ಐತಿ, ನೀರ ಐತಿ, ನಾ ಅದೀನಿ. ಇನ್ನ ಯಾರ ಬರಬೇಕು?"

ಎರೆದರು ಅಜ್ಜಾ. ಆ ಮುದುಕಿ ಕಣ್ಣು ಮುಚ್ಚಿ, ಗದ್ದದಿಂದ ನೀರು ತೊಟ್ಟಿಕ್ಕಿಸಿಕೊಂಡು ನಗುತ್ತಾ ಕೂತಿದ್ದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ, ಯಾಕೆಂದು ಕೇಳಬೇಡಿ.

ಆಮೇಲೆ ನನ್ನ ಸರದಿ. ಬಿಳಿ ಸೀರೆ ಉಟ್ಟು ಮೊದಲ ಮೆಟ್ಟಿಲಿಗೆ ಇಳಿದೆ, ಪಾದ ತಣ್ಣಗಾಯಿತು, ಮುಂದಕ್ಕೆ ಕಾಲೇ ಏಳಲಿಲ್ಲ. ಈ ಅಜ್ಜಿಗೆ ಎರೆದದ್ದು ನಡೆಯುತ್ತದೆ, ನನಗೆ ಎರೆದದ್ದು ಯಾಕೆ ನಡೆಯುವುದಿಲ್ಲ ಎಂದು ಕೇಳಿದೆ. ಪಾಸ್ಟರ್ ಸಿಟ್ಟಾಗಲಿಲ್ಲ, ಮೆತ್ತಗೇ ಹೇಳಿದರು: "ಆಕಿ ತಾನಾಗೇ ಕೇಳ್ಯಾಳ ತಂಗಿ. ನೀ ಕೂಸಿದ್ದಿ. ನಿನ್ನ ಯಾರ ಕೇಳಿದ್ರು?" ಅಜ್ಜಾ, ನೀವು ಅಲ್ಲಿರಬೇಕಿತ್ತು ಅನ್ನಿಸಿತು. ಉತ್ತರ ಬಂದದ್ದು ಕುರ್ಚಿಯಿಂದ. "ನನಗ ತಾಳಿ ಕಟ್ಟಿದಾಗ ನಾ ನಮ್ಮವ್ವನ ತೊಡಿಮ್ಯಾಲ ನಿದ್ದಿ ಮಾಡ್ತಿದ್ನಿ. ಯಾರೂ ನನ್ನ ಕೇಳಲಿಲ್ಲ. ಐವತ್ತು ವರ್ಷ ಬಾಳೇವು ಮಾಡೀನಿ. ಅದು ಮದುವಿ ಅಲ್ಲೇನಪಾ?"

ಮೊದಲು ನಕ್ಕವರು ಅತ್ತೆಯವರು, ಸೆರಗು ಬಾಯಿಗೆ ಒತ್ತಿಕೊಂಡು. ಪಾಸ್ಟರ್ ಬೈಬಲ್ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಕೊನೆಗೆ, ಮೇಲೆ ಬಾ ಎಂದರು. ಇವರು ಟವೆಲ್ ಹಿಡಿದು ನಿಂತಿದ್ದವರು ಎಲ್ಲರೆದುರೇ ನನ್ನ ಕೈ ಹಿಡಿದು ಮೇಲೆಳೆದುಕೊಂಡರು. ಸಂಜೆ ಸಭೆಯ ಹಿರಿಯರೂ ಕೂತು ಒಪ್ಪಿದರು. ನಿಮ್ಮ ರಿಜಿಸ್ಟರಿನ ಹಾಳೆಯ ಒಂದು ಪ್ರತಿ ಬೇಕಂತೆ, ಕೆಳಗೆ ನಿಮ್ಮ ಸಹಿ ಇರಬೇಕಂತೆ. ಅದನ್ನು ತೆಗೆದುಕೊಳ್ಳಲು ನಾನೇ ಬರುತ್ತೇನೆ.

ಅವ್ವನಿಗೆ, ಅಪ್ಪನಿಗೆ, ಪಕ್ಕದ ಮನೆಯ ಶಹನಾಜಬೇಗಂ ಅತ್ತೆಗೆ ನನ್ನ ನೆನಪು ಹೇಳಿ. ನಿಮ್ಮ ಕೈ ನನ್ನ ತಲೆಯ ಮೇಲೆ ಇನ್ನೊಮ್ಮೆ ಬೇಕು, ನೀರಿಲ್ಲದಿದ್ದರೂ ಸರಿ.

ನಿಮ್ಮ ಬಾಯಿಬಡಕಿ,
ರೂಪಾ

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ಬಿಚ್ಚಿದೆ. ಮುಳುಗುವ ಮಾತನ್ನು ಮೊದಲು ಆಡಿದವರು ಬೀಗರಲ್ಲ ಅಜ್ಜಾ, ನಾನು. ಹೆಣ್ಣು ನೋಡಲು ಬಂದ ದಿನ, ಸಭೆ ಬೇರೆ ಬೇರೆ, ಹೇಗೆ ಮಾಡೋದು ಎಂದು ಅತ್ತೆಯವರು ಹಿಂಜರಿದಾಗ, ಗಾಳೇಶ ಕೈತಪ್ಪಿ ಹೋದಾರೆಂದು ಹೆದರಿ ನಾನೇ "ಮುಳುಗ್ತೀನ್ರಿ" ಅಂದೆ. ನೀವು ಎರೆದದ್ದನ್ನು ಮೊದಲು ಬಿಟ್ಟುಕೊಟ್ಟವಳು ನಾನು. ಇವರಿಗೆ ಅದು ಗೊತ್ತಿತ್ತು, ಆದರೂ ನೀವು ಮುಖ ತಿರುಗಿಸಿದ್ದನ್ನು ತಾವೇ ನುಂಗಿಕೊಂಡರು, ನನಗೆ ಬಾಯಿ ಬಿಡಲು ಬಿಡಲಿಲ್ಲ. ಇವರೂ ನನ್ನ ಜೊತೆ ಬರುತ್ತಿದ್ದಾರೆ. ಬೈಯುವುದಿದ್ದರೆ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಬೈಯಿರಿ, ಇವರನ್ನು ಮೊದಲು ಒಳಗೆ ಕರೆದು ಕೂರಿಸಿ. ಈ ಶನಿವಾರ, ಕಾರಟಗಿ–ಹುಬ್ಬಳ್ಳಿ ಗಾಡಿ, ಕೊಪ್ಪಳದಲ್ಲಿ ಇಳಿಯುತ್ತೇವೆ.