ವಿಲ್ಫ್ ಒಪ್ಪಿದ ಕರಾರು

ಸೆಪ್ಟೆಂಬರ್ ೯, ಮಂಗಳವಾರ

ಹಾಸಿಗೆ ಬಟ್ಟೆ ಒಗೆದು ಹಿತ್ತಲಲ್ಲಿ ಹರವಿದ್ದಾಯಿತು. ಸಮುದ್ರದ ಗಾಳಿ, ಬೇಗ ಒಣಗುತ್ತದೆ. ಈರುಳ್ಳಿ ಜಾತಿಯ ಲೀಕ್ಸ್ ಬೆಳೆಯ ಸ್ಪರ್ಧೆ ಹತ್ತಿರ ಬಂತು. ವಿಲ್ಫ್ ಬೆಳಗ್ಗೆಯೇ ತರಕಾರಿ ಮಡಿ ಸೇರಿದ್ದಾನೆ.

ಅಂಚೆಯಲ್ಲಿ ಆ ಕ್ಲೇಮ್ ಕಂಪನಿಯ ಬಿಲ್ ಬಂದಿದೆ. ಸಾವಿರದ ನಾನೂರು ಪೌಂಡ್! ಕನ್ನಡಕ ಒರೆಸಿ ಮತ್ತೆ ಓದಿದೆ. ಹಳೇ ಕಾರ್ ಲೋನಿನಲ್ಲಿ ಬ್ಯಾಂಕು ನಮಗೆ ಹೇಳದೆ ಕಮಿಷನ್ ಹಿಡಿದಿತ್ತಂತೆ. ಅದನ್ನು ವಾಪಸ್ ಕೊಡಿಸಿದ್ದಕ್ಕೆ ಇವರ ಪಾಲು ಮೂರರಲ್ಲೊಂದು. ವಾಪಸ್ ಬಂದಿದ್ದು ನಾಲ್ಕು ಸಾವಿರದ ಇನ್ನೂರು — ಕಾಗದದ ಮೇಲೆ. ಬ್ಯಾಂಕು ಅದರಲ್ಲಿ ಬಹುಪಾಲನ್ನು ಛಾವಣಿ ರಿಪೇರಿಯ ಸಾಲಕ್ಕೆ ಜಮಾ ಮಾಡಿಕೊಂಡಿತು. ಕೈಗೆ ಸಿಕ್ಕಿದ್ದು ಬರೀ ಮುನ್ನೂರು. ಮೂಗಿಗಿಂತ ಮೂಗುತಿ ಭಾರ. ಇದನ್ನು ಕಟ್ಟಿದರೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಗ್ಯಾಸಿಗೆ ಎತ್ತಿಟ್ಟ ಹಣವೆಲ್ಲ ಹೋಗುತ್ತದೆ.

ಊಟದ ಹೊತ್ತಿಗೆ ವಿಲ್ಫ್ ಬಂದ. ಬಿಲ್ ತೋರಿಸಿದೆ.

"ಕಟ್ಟಿಬಿಡೋಣ ಕಣೇ ಏವಿ. ನಾನು ಒಪ್ಕೊಂಡಿದ್ದೀನಿ."

"ಏನಂತ ಒಪ್ಕೊಂಡೆ?"

"ಒಪ್ಕೊಂಡೆ ಅಂದ್ರೆ ಒಪ್ಕೊಂಡೆ. ನಾವು ಯಾರ ಬಾಕೀನೂ ಇಟ್ಕೊಂಡೋರಲ್ಲ."

ಮೂವತ್ತು ವರ್ಷ ಊರಿನ ಕ್ಲಬ್ಬಿನ ಕ್ರಿಸ್‌ಮಸ್ ಉಳಿತಾಯದ ಹಣ ಕೂಡಿಸಿದವನು. ಶುಕ್ರವಾರ ಶುಕ್ರವಾರ ಇಡೀ ಬೀದಿಯವರು ಇವನ ಮೇಜಿನ ಮೇಲೆ ಚಿಲ್ಲರೆ ಇಡುತ್ತಿದ್ದರು. ಡಿಸೆಂಬರಿನಲ್ಲಿ ಲಕೋಟೆ ಹಂಚುವಾಗ ಒಂದು ಪೆನ್ನಿ ಆಚೀಚೆ ಆದದ್ದಿಲ್ಲ. ಅಂಥವನ ಹತ್ತಿರ ಏನಂತ ವಾದ ಮಾಡಲಿ.

ಸೆಪ್ಟೆಂಬರ್ ೧೧

ಕಂಪನಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದರು. ಆಮೇಲೆ ಕೈಲ್ ಎನ್ನುವವನು ಸಿಕ್ಕಿದ.

"ಮೇಡಂ, ಕರಾರು ನಿಮ್ಮ ಯಜಮಾನ್ರ ಹೆಸರಲ್ಲಿದೆ. ಅವರು ಹೂಂ ಅಂದ್ರೇನೇ ನಿಮ್ಮ ಹತ್ರ ಮಾತಾಡೋಕಾಗೋದು."

ವಿಲ್ಫ್‌ಗೆ ಫೋನ್ ಕೊಟ್ಟೆ. "ಹೌದಪ್ಪ. ಸರಿಯಪ್ಪ. ನಿಂಗೆಷ್ಟು ತೊಂದ್ರೆ, ಥ್ಯಾಂಕ್ಸ್ ಕಣಪ್ಪ." ಫೋನ್ ಮಾಡಿದವರ ಮಾತು ಮುಗಿಯುವ ಮುಂಚೆ ಇಡಬಾರದು, ಬಾಯಿ ತುಂಬ ಹೌದು ಅನ್ನಬೇಕು — ಅತ್ತೆ ಕಲಿಸಿದ ಮರ್ಯಾದೆ. ಆ ಮರ್ಯಾದೆಯೇ ನಮ್ಮ ಮನೆ ತೊಳೆದದ್ದು. ಫೆಬ್ರವರಿಯಲ್ಲಿ ನಾನು ಸಂತೆಗೆ ಹೋಗಿದ್ದಾಗ ಈ ಕಂಪನಿಯಿಂದ ಬಂದ ಕರೆಗೂ ಹೀಗೇ ಹೌದು ಹೌದು ಅಂದಿದ್ದಾನೆ. ಬಂದ ಕಾಗದಕ್ಕೆ ಸಹಿ ಹಾಕಿ ಅದೇ ದಿನ ಅಂಚೆಗೆ ಹಾಕಿದ್ದಾನೆ.

ಕೊನೆಗೆ ಕೈಲ್ ನನಗೆ ಹೇಳಿದ್ದು: "ನಾವು ಗೆದ್ದುಕೊಟ್ವಿ. ಹಣ ಸಾಲಕ್ಕೆ ಹೋಯ್ತೋ ಕೈಗೆ ಬಂತೋ, ಅದು ನಮಗೆ ಸಂಬಂಧ ಇಲ್ಲ."

"ಬ್ಯಾಂಕಿಗೆ ನಾನೇ ಒಂದು ಕಾಗದ ಬರೆದಿದ್ರೆ?"

"ಅದೂ ಆಗ್ತಿತ್ತು ಮೇಡಂ. ಅದಕ್ಕೆ ಖರ್ಚಿಲ್ಲ."

ನಿಜ ಹೇಳಿದನಲ್ಲ, ಪುಣ್ಯಾತ್ಮ. ದೂರು ಬರೆದುಕೊಳ್ಳಿ ಅಂದೆ.

ಸೆಪ್ಟೆಂಬರ್ ೧೯

ಲೀಡ್ಸ್‌ನಿಂದ ಮಗಳು ಗೇನರ್ ಫೋನ್ ಮಾಡಿದ್ದಳು.

"ಅಮ್ಮ, ಕಂಪನಿಯವರು ಬಗ್ಗದಿದ್ರೆ, ಇಂಥ ದೂರು ವಿಚಾರಿಸೋ ಓಂಬುಡ್ಸ್‌ಮನ್ ಕಚೇರಿಗೆ ಹಾಕು. ಜೊತೆಗೆ ಕ್ಲಿನಿಕ್‌ನವರು ಕೊಟ್ಟ ಕಾಗದ ಇಡು. ಅಪ್ಪಂಗೆ ಆಗ ಏನೂ ತಿಳೀತಿರ್ಲಿಲ್ಲ ಅಂತ ಹೇಳು. ಒಂದೇ ಏಟಿಗೆ ಮುಗಿಯುತ್ತೆ."

"ಅದೊಂದು ಆಗಲ್ಲ."

"ಯಾಕಮ್ಮ?"

"ಅವನು ಬದುಕಿದ್ದಾನೆ, ಅದಕ್ಕೆ."

ಏಪ್ರಿಲಿನಲ್ಲಿ ಮರೆವಿನ ಕ್ಲಿನಿಕ್‌ನಲ್ಲಿ ಡಾಕ್ಟರು ರೋಗದ ಹೆಸರು ಹೇಳಿದರು. ಬಸ್ಸು ಊರು ಮುಟ್ಟುವಷ್ಟರಲ್ಲಿ ಅವನು ಅದನ್ನು ಮರೆತಾಗಿತ್ತು. ನಾನೂ ನೆನಪಿಸಲಿಲ್ಲ. ಕ್ಲಬ್ಬಿನಲ್ಲಿ ಕೇಳಿದವರಿಗೆಲ್ಲ ಸುಸ್ತು, ವಯಸ್ಸು ಅಂತ ಹೇಳಿಕೊಂಡು ಬಂದಿದ್ದೇನೆ. ಈಗ ಸಾವಿರದ ನಾನೂರು ಪೌಂಡಿಗೆ ಅವನನ್ನು ತಲೆ ಕೆಟ್ಟವನು ಅಂತ ಬರೆದುಕೊಡಲೇ? ಕಾಯಿಲೆ ವಿಷಯ ಬೇರೆ, ಫೀ ವಿಷಯ ಬೇರೆ. ಫೀ ಅನ್ಯಾಯದ್ದು ಅನ್ನುವುದೊಂದೇ ಸಾಕು ನನಗೆ.

ನವೆಂಬರ್ ೨೦

ಕಂಪನಿಯ ಕೊನೇ ಉತ್ತರ. ಎರಡು ತಿಂಗಳು ಕೂತು ಬರೆದದ್ದು ಇಷ್ಟು — ಶ್ರೀ ಥರ್ಲ್‌ವೆಲ್ ಅವರಿಗೆ ಫೀ ವಿವರ ಓದಿ ಹೇಳಲಾಗಿದೆ, ಅವರು ಒಪ್ಪಿದ್ದಾರೆ, ಕರೆಯ ರೆಕಾರ್ಡಿಂಗ್ ಇದೆ. ಹದಿನಾಲ್ಕು ದಿನದೊಳಗೆ ಬೇಡ ಅನ್ನುವ ಅವಕಾಶವಿತ್ತು, ಅನ್ನಲಿಲ್ಲ.

ಅನ್ನುವುದು ಹೇಗೆ. ಬೇಡ ಅನ್ನಲು ಬೇಕು ಅಂದದ್ದು ನೆನಪಿರಬೇಕಲ್ಲ.

ಓಂಬುಡ್ಸ್‌ಮನ್‌ಗೆ ಬರೆದೆ. ಸಾಲಕ್ಕೆ ಜಮಾ ಆದ ಹಣದ ಮೇಲೂ ಫೀ ಎನ್ನುವುದನ್ನು ಸ್ಪಷ್ಟವಾಗಿ ಹೇಳಿರಲಿಲ್ಲ ಎಂದು. ವಿಲ್ಫ್ ಸಹಿ ಹಾಕಿದ. ನೀಟಾದ ಸಹಿ, ಮೊದಲಿನಂತೆಯೇ. ಅವನ ಆರೋಗ್ಯದ ಬಗ್ಗೆ ಒಂದು ಅಕ್ಷರ ಬರೆಯಲಿಲ್ಲ.

ಡಿಸೆಂಬರ್ ೫, ಶುಕ್ರವಾರ

ಕ್ಲಬ್ಬಿನಲ್ಲಿ ಉಳಿತಾಯ ಹಂಚುವ ದಿನ. ಬೇಡ ಅಂದರೂ ಕೋಟು ಟೈ ಹಾಕಿ ಹೊರಟ. ಈಗ ಬೇರೆಯವರು ಮಾಡುತ್ತಾರೆ. ಇವನು ಮೇಜಿನ ಪಕ್ಕ ನಿಂತು ಲಕೋಟೆ ಇಸಿದುಕೊಂಡವರಿಗೆಲ್ಲ ಕೈ ಕುಲುಕಿದ. ಒಬ್ಬಳು ಅವನ ಕೆನ್ನೆಗೆ ಮುತ್ತಿಟ್ಟು, "ನಿನ್ನ ಕಾಲ ಚೆನ್ನಾಗಿತ್ತು ವಿಲ್ಫ್" ಅಂದಳು. ಎಲ್ಲರಿಗೂ ಗೊತ್ತಿದೆಯೋ ಏನೋ. ನಾನೊಬ್ಬಳೇ ಮುಚ್ಚಿಡುತ್ತಿರುವುದೋ ಏನೋ.

ಜನವರಿ ೧೩

ಕಂಪನಿಯ ಕಾಗದ. ಈ ಸಲ ನನ್ನ ಹೆಸರಿಗೆ.

"ಪ್ರಿಯ ಶ್ರೀಮತಿ ಥರ್ಲ್‌ವೆಲ್, ನಿಮ್ಮ ಅನಾರೋಗ್ಯದ ವಿಷಯ ನಿಮ್ಮ ಪತಿಯಿಂದ ತಿಳಿದು ವಿಷಾದವಾಯಿತು. ಈ ದೂರು ಗೊಂದಲದಿಂದ ಆದದ್ದೆಂದು ಅವರು ತಿಳಿಸಿ ಹಿಂದಕ್ಕೆ ಪಡೆದಿದ್ದಾರೆ. ಬಾಕಿಯನ್ನು ಕಂತುಗಳಲ್ಲಿ ಕಟ್ಟಲು ಒಪ್ಪಿದ್ದಾರೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೊದಲು ನಕ್ಕೆ. ಜೋರಾಗಿಯೇ ನಕ್ಕೆ. ಆಮೇಲೆ ಮೆಟ್ಟಿಲ ಮೇಲೆ ಕೂತೆ.

ಅವನು ಪೇಪರ್ ಓದುತ್ತಿದ್ದ. ಕೇಳಿದೆ. "ನಂಗೆ ಹುಷಾರಿಲ್ಲ ಅಂತ ಹೇಳಿದ್ಯಾ, ವಿಲ್ಫ್?"

ಪೇಪರ್ ಮಡಿಸಿ ಪಕ್ಕಕ್ಕಿಟ್ಟ. ನಾನು ಎಂದಾದರೂ ಕೇಳುತ್ತೇನೆಂದು ಕಾದಿದ್ದವನ ಹಾಗಿತ್ತು ಮುಖ.

"ನಿಂಗೆ ಈಚೀಚೆಗೆ ಮರೆವು ಜಾಸ್ತಿ ಆಗಿದೆ ಕಣೇ. ಆ ಕ್ಲಿನಿಕ್‌ಗೆ ನಿನ್ನ ಕರ್ಕೊಂಡು ಹೋಗಿದ್ನಲ್ಲ, ಡಾಕ್ಟ್ರು ಹೇಳಿದ್ರಲ್ಲ. ನಾನು ಯಾರಿಗೂ ಹೇಳಿರ್ಲಿಲ್ಲ. ಗೇನರ್‌ಗೂ ಹೇಳಿಲ್ಲ. ಕ್ಲಬ್ಬಲ್ಲಿ ಕೇಳಿದ್ರೆ ಸುಸ್ತು ಅಂತೀನಿ. ಆ ಕಂಪನಿ ಹುಡುಗ ಫೋನಲ್ಲಿ ದುಡ್ಡು ದುಡ್ಡು ಅಂತ ಪೀಡಿಸ್ತಿದ್ದ, ನಿನ್ನ ಬಿಟ್ಟುಬಿಡ್ಲಿ ಅಂತ ಹೇಳ್ಬೇಕಾಯ್ತು."

ನನ್ನದೇ ಮಾತು. ಅಕ್ಷರ ಅಕ್ಷರ ನನ್ನದೇ.

ಪಕ್ಕದಲ್ಲಿ ಕೂತೆ, ಅಷ್ಟೆ. ಕುಂಬಳಕಾಯಿ ಸೂಪು ಬಿಸಿ ಮಾಡಿದೆ, ಇಬ್ಬರೂ ಅರ್ಧ ಬಿಟ್ಟೆವು.

ಜನವರಿ ೧೫, ಬೆಳಗ್ಗೆ ೧೧

ಓಂಬುಡ್ಸ್‌ಮನ್ ಕಚೇರಿಯಿಂದ ಹೆಂಗಸೊಬ್ಬಳು ಕರೆ ಮಾಡಿದಳು. ಮಿಸ್ ಅಡೆಯೆಮಿ ಅಂತ ಹೆಸರು. ಮೆತ್ತಗಿನ ದನಿ. ದೂರು ವಾಪಸ್ ತೆಗೆದದ್ದು ನಿಜವೇ ಎಂದು ಅವನ ಬಾಯಿಂದಲೇ ಕೇಳಬೇಕಂತೆ. ಸ್ಪೀಕರ್ ಹಾಕಿದೆ.

"ಹೌದಮ್ಮ. ನಾನು ಕರಾರು ಒಪ್ಕೊಂಡಿದ್ದೆ. ನಂಗೆಲ್ಲ ತಿಳಿದೇ ಇತ್ತು. ಇದು ನನ್ನ ಹೆಂಡ್ತಿ ಗಡಿಬಿಡಿ."

"ಹಾಗಿದ್ರೆ ಸಾರ್, ನಿಮ್ಮ ಹೆಂಡತಿಯವರಿಗೆ ಹುಷಾರಿಲ್ಲ ಅಂತಿದ್ದೀರಿ. ಅವರು ಬರೆದಿರೋದನ್ನ ನಾವು ಲೆಕ್ಕಕ್ಕೆ ತಗೊಳ್ಳೋದು ಬೇಡ ಅಂತಾನಾ?"

ಅವನು ಫೋನಿನ ಹತ್ತಿರಕ್ಕೆ ಬಗ್ಗಿದ. ಹಿತ್ತಲ ಬಾಗಿಲು ಗಾಳಿಗೆ ಅಲ್ಲಾಡುತ್ತಿತ್ತು.

"ಲೆಕ್ಕಕ್ಕೆ ಇಲ್ಲ ಅಂದ್ರೆ ಏನಮ್ಮ ಅರ್ಥ?"

"ಅವರ ಮಾತನ್ನ ನಂಬೋಕಾಗಲ್ಲ ಅಂತ, ಸಾರ್."

"ನಮ್ಮ ಏವಿ ಮಾತನ್ನಾ?" ದನಿ ಏರಿತು. ಕ್ಲಬ್ಬಿನ ಸಭೆಯಲ್ಲಿ ಯಾರಾದರೂ ಕೆಮ್ಮಿದರೆ ಏರುತ್ತಿದ್ದ ದನಿ. "ನಲವತ್ತೊಂಬತ್ತು ವರ್ಷದಲ್ಲಿ ಅವಳು ಒಂದು ಸುಳ್ಳು ಹೇಳಿದ್ದು ನಾ ಕಂಡಿಲ್ಲ. ಬರ್ಕೊಳ್ಳಿ. ಅವಳಿಗೆ ಏನೂ ಆಗಿಲ್ಲ. ತಲೆ ಕೆಟ್ಟಿರೋದು ನಂಗೆ. ಆವತ್ತು ಏನು ಒಪ್ಕೊಂಡ್ನೋ ನಂಗೆ ಗೊತ್ತಿಲ್ಲ, ಇವತ್ತೂ ಗೊತ್ತಿಲ್ಲ. ಬರ್ಕೊಂಡ್ರಾ?"

"ಬರ್ಕೊಂಡೆ ಸಾರ್. ಡಾಕ್ಟರ ಕಾಗದ ಏನಾದ್ರೂ ಇದ್ಯಾ?"

ನನ್ನ ಕಡೆ ನೋಡಿದ. ಇದೆ, ಕಳಿಸುತ್ತೇನೆ ಅಂದೆ.

ಫೋನ್ ಇಟ್ಟ ಮೇಲೆ ಎದ್ದು ಟೋಪಿ ಹಾಕಿಕೊಂಡು ಮಡಿ ಕಡೆ ಹೊರಟ. ನಿಜ ತಿಳಿದು ಹೇಳಿದನೋ, ನನ್ನ ಮಾನ ಉಳಿಸಲು ಸುಳ್ಳು ಹೇಳಿದನೋ... ಕೇಳಲು ಧೈರ್ಯವಾಗಲಿಲ್ಲ. ಯಾವುದಾಗಿದ್ದರೂ ನನಗೆ ತಡೆಯಲಾಗದು.

ಕಾಗದ ಅಂಚೆಗೆ ಹಾಕಿದೆ. ಬರುವಾಗ ಬೀದಿಯಲ್ಲೇ ಅತ್ತುಬಿಟ್ಟೆ.

ಮಾರ್ಚ್ ೩, ಮಧ್ಯಾಹ್ನ

ತೀರ್ಪು ಬಂತು. ಪೂರ್ತಿ ಫೀ ರದ್ದು. ಇಸಿದುಕೊಂಡ ಕಂತುಗಳನ್ನೂ ವಾಪಸ್ ಕೊಡಬೇಕು. ಒಳಗೆ ಒಂದು ಸಾಲಿದೆ — ಕರಾರಿನ ಹೊತ್ತಿಗೆ ಶ್ರೀ ಥರ್ಲ್‌ವೆಲ್ ಅವರಿಗೆ ಅದನ್ನು ಅರ್ಥ ಮಾಡಿಕೊಳ್ಳುವ ಸ್ಥಿತಿ ಇರಲಿಲ್ಲ ಎಂದು. ಆ ಹಾಳೆ ತೆಗೆದು ನನ್ನ ಏಪ್ರನ್ ಜೇಬಿಗೆ ಹಾಕಿಕೊಂಡೆ. ಗೆದ್ದ ಖುಷಿ ಎಲ್ಲಿದೆಯೋ, ಹುಡುಕಬೇಕು.

ವಿಲ್ಫ್ ನನ್ನ ಮುಖ ನೋಡಿ ಬಂದ.

"ಏನಂತೆ?"

"ಕಟ್ಟೋದು ಬೇಡವಂತೆ."

"ಅದು ಹೇಗೆ? ನಾನು ಒಪ್ಕೊಂಡಿದ್ನಲ್ಲ."

ಅವನಿಗೆ ಜನವರಿಯ ಆ ಕರೆಯ ನೆನಪೇ ಇಲ್ಲ. ಒಂದಿಷ್ಟೂ ಇಲ್ಲ.

"ನಂಗೆ ತಲೆ ಸರಿ ಇಲ್ಲ ಅಂತ ಒಪ್ಕೊಂಡೆ ವಿಲ್ಫ್. ಪಾಪ ಅಂತ ಬಿಟ್ರು."

ನಲವತ್ತೊಂಬತ್ತು ವರ್ಷದಲ್ಲಿ ಅವನು ಕಾಣದ ಸುಳ್ಳು. ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣು ತುಂಬಿತ್ತು.

"ಅಷ್ಟು ಹೇಳೋಕೆ ನಿಂಗೆಷ್ಟು ಕಷ್ಟ ಆಯ್ತೋ. ಹೆದರ್ಬೇಡ ಕಣೇ. ನಾನಿದ್ದೀನಿ. ಎಲ್ಲ ನಾನು ನೋಡ್ಕೋತೀನಿ. ಕೂತ್ಕೋ, ಟೀ ಮಾಡ್ಕೊಂಡು ಬರ್ತೀನಿ."

ಕೂತು ಇದನ್ನು ಬರೆಯುತ್ತಿದ್ದೇನೆ. ಅವನು ಅಡುಗೆಮನೆಗೆ ಹೋಗಿ ಬಹಳ ಹೊತ್ತಾಯಿತು. ಕಪ್ಪಿನ ಸದ್ದೂ ಇಲ್ಲ, ನೀರಿನ ಸದ್ದೂ ಇಲ್ಲ. ಈಗ ಕರೆಯುತ್ತಿದ್ದಾನೆ — ನನ್ನನ್ನಲ್ಲ, ಅವನ ಅಮ್ಮನನ್ನು. ಹೋಗುತ್ತೇನೆ.