ಎರೆಯುವ ಕೈ

ಅಕ್ಕೋಳ,
12 ನವೆಂಬರ್ 2006, ರವಿವಾರ

ನನ್ನ ಮುದ್ದು ಸ್ನೇಹಲಳಿಗೆ,

ನಿನ್ನ ಅವ್ವ ಅಕ್ಕುತಾಯಿಯ ಆಶೀರ್ವಾದ. ಅಪ್ಪನೂ ಜೈಭೀಮ ತಿಳಿಸಿದ್ದಾರೆ. ಅಳಿಯಂದಿರಿಗೂ ನಿನ್ನ ಅತ್ತೆ ಕೆಂಪವ್ವನವರಿಗೂ ಹೇಳು. ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು, ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀ. ದಿನ ತುಂಬುತ್ತಿರುವ ಬಸುರಿಯ ಮುಖ ಮೊದಲೇ ಊದಿರುತ್ತದೆ, ಇನ್ನಷ್ಟು ಊದಿಸಬೇಡ. ತಪ್ಪು ನನ್ನದೇ. ಪೆನ್ನು ಬೆರಳಿನಿಂದ ಜಾರುತ್ತದೆ. ಈ ಅಕ್ಷರ ನೋಡಿದರೆ ನಮ್ಮ ಅಂಗನವಾಡಿಯ ಮಕ್ಕಳೂ ನಕ್ಕಾರು. ಕಿರಾಣಿ ಅಂಗಡಿಯ ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅಲ್ಲಿ ಉಪ್ಪು ಕೊಳ್ಳಲು ಬಂದವರು ನಮ್ಮ ಮಾತನ್ನೂ ಕಟ್ಟಿಸಿಕೊಂಡು ಹೋಗುತ್ತಾರೆ.

ಸುತ್ತಿ ಬಳಸಿ ಏಕೆ ಹೇಳಲಿ? ನನ್ನ ಬೇನೆ ತಿರುಗಿ ಬಂದಿದೆ. ಹೋದ ವರ್ಷ ಮಿರಜದಲ್ಲಿ ತಲೆಬುರುಡೆಯ ಹಿಂಭಾಗದ ಎಲುಬು ಕತ್ತರಿಸಿ, ಕುತ್ತಿಗೆಯೊಳಗೆ ಜಾರಿದ್ದ ಮೆದುಳಿಗೆ ಜಾಗ ಮಾಡಿಕೊಟ್ಟರಲ್ಲ, ಆಮೇಲೆ ಎಂಟು ತಿಂಗಳು ನಾನು ಕುದುರೆಯಂತೆ ಓಡಾಡಿದೆ. ಗಣೇಶ ಚವತಿಯ ಹೊತ್ತಿಗೆ ಮತ್ತೆ ಶುರುವಾಯಿತು. ಒಂದು ಸೀನು ಬಂದರೆ ಸಾಕು, ಹಿಂದಲೆಯೊಳಗೆ ಯಾರೋ ಗೂಟ ಬಡಿದಂತಾಗುತ್ತದೆ. ನಿನ್ನಪ್ಪ ನಿಪ್ಪಾಣಿಯ ತಂಬಾಕಿನ ವಖಾರಿಯಿಂದ ಬಂದರೆ ಮೈತುಂಬ ಘಾಟು. ಈಗ ಅಂಗಳದಲ್ಲೇ ಅಂಗಿ ಬಿಚ್ಚಿ, ಝಾಡಿಸಿ, ಕೈಕಾಲು ತೊಳೆದು ಒಳಗೆ ಬರುತ್ತಾರೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹೇಳಿ ಹೇಳಿ ಸೋತಿದ್ದೆ, ಬೇನೆ ಬಂದು ಕಲಿಸಿತು.

ದೀಪಾವಳಿಯ ಮರುದಿನ ರೊಟ್ಟಿ ಬಡಿಯುತ್ತಿದ್ದೆ. ಸುಟ್ಟ ವಾಸನೆ ಬಂತು. ರೊಟ್ಟಿ ಸೀದಿರಬೇಕೆಂದು ನೋಡಿದರೆ ರೊಟ್ಟಿ ಚೆನ್ನಾಗಿಯೇ ಇತ್ತು. ನಿನ್ನಪ್ಪ ಓಡಿ ಬಂದು, "ಏ, ಹಂಚ ಬಿಡಬೇ! ಬರಿಗೈಲೆ ಹಿಡದೀ!" ಎಂದು ಕೂಗಿದಾಗ ಎಡಗೈ ನೋಡಿಕೊಂಡೆ. ಚರ್ಮ ಬಿಳುಚಿತ್ತು. ನೋವೇ ಇಲ್ಲ. ಸ್ನೇಹಲ, ನೋವಾದರೆ ಅಳಬಹುದು. ನೋವೇ ಆಗದಿದ್ದಾಗ ನನಗೆ ಬಹಳ ಹೆದರಿಕೆಯಾಯಿತು.

ಹೋದ ವಾರ ಮಿರಜಕ್ಕೆ ಹೋಗಿ ಮತ್ತೆ ಸ್ಕ್ಯಾನ್ ಮಾಡಿಸಿದೆವು. ಬೆನ್ನುಹುರಿಯೊಳಗೆ ನೀರು ಮತ್ತೆ ತುಂಬಿಕೊಂಡಿದೆಯಂತೆ. ಡಾಕ್ಟರರು ಬಿಸಿನೀರು ತುಂಬಿದ ಗಾಜಿನ ನಳಿಗೆಯೊಂದು, ತಣ್ಣೀರಿನದೊಂದು ಕೈಗೆ ಮುಟ್ಟಿಸಿ, ಯಾವುದು ಬಿಸಿ ಎಂದು ಕೇಳಿದರು. ಎಡಗೈಗೆ ಎರಡೂ ಒಂದೇ. ಬಲಗೈ ತಡೆದು ತಡೆದು ಹೇಳಿತು. "ಮಾವಶಿ, ಬೆಂಕಿ, ಬಿಸಿನೀರ ಎರಡೂ ದೂರ ಇಡ್ರಿ. ಇನ್ನೊಮ್ಮೆ ಆಪರೇಷನ್ ಬೇಕಾಗ್ತೈತಿ. ಹೋದ ಸ್ಪರ್ಶ ತಿರುಗಿ ಬರತೈತಿ ಅಂತ ಖಾತ್ರಿ ಕೊಡಾಂಗಿಲ್ಲ," ಎಂದರು. ಬೆಂಕಿಯೂ ಬೇಡ, ಬಿಸಿನೀರೂ ಬೇಡ ಎಂದರೆ ಹೆಂಗಸಿಗೆ ಮನೆಯಲ್ಲಿ ಉಳಿಯುವುದೇನು ಎಂದು ನಾನು ನಗೆಯಾಡಿದೆ. ನಿನ್ನಪ್ಪ ನಗಲಿಲ್ಲ. ಈ ತಿಂಗಳ ಇಪ್ಪತ್ತೇಳಕ್ಕೆ ದಿನ ಕೊಟ್ಟಿದ್ದಾರೆ. ಕತ್ತರಿಗಿಂತ ಆಮೇಲಿನದನ್ನು ನೆನೆದರೆ ಎದೆ ಹಾರುತ್ತದೆ. ಹೋದ ಸಲ ಹೊಲಿಗೆಯಿಂದ ತಿಳಿನೀರು ಸೋರಿ ದಿಂಬು ತೊಯ್ದು, ಜ್ವರದಲ್ಲಿ ಮೂರು ವಾರ ಮಲಗಿದ್ದೆನಲ್ಲ. ನೀನು ತಲೆದೆಸೆಯಲ್ಲಿ ಕೂತಿದ್ದೆ. ಈ ಸಲ ನೀನು ಬರುವಂತಿಲ್ಲ.

ಈಗ ನಿನ್ನ ಮಾತಿಗೆ ಬರುತ್ತೇನೆ. "ಅವ್ವಾ, ನನ್ನ ಕೂಸಿಗೆ ನೀನೇ ಎರೀಬೇಕು, ಬ್ಯಾರೆಯವರ ಕೈಗೆ ಕೊಡಾಂಗಿಲ್ಲ" ಎಂದು ಬರೆದಿದ್ದೀ. ಓದಿ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಈ ಓಣಿಯ ಅರ್ಧ ಮಕ್ಕಳು ನನ್ನ ಕಾಲ ಮೇಲೆ ಬೋರಲು ಮಲಗಿ ಎರೆಸಿಕೊಂಡವರೇ. ನೀರಿಗೆ ಬೆರಳು ಅದ್ದಿದರೆ ಸಾಕು, ಎಷ್ಟು ಬೆರಕೆ ಬೇಕೆಂದು ಕೈ ತಾನೇ ಹೇಳುತ್ತಿತ್ತು. ಆದರೂ ಮಗಳೇ, ಬಾಣಂತನಕ್ಕೆ ಇಲ್ಲಿಗೆ ಬರಬೇಡ. ಕೊಕಟನೂರಿನಲ್ಲೇ ಇರು. ಕೆಂಪವ್ವನವರ ಬಾಯಿ ಸ್ವಲ್ಪ ಖಾರ, ಕೈ ತಂಪು. ಚೊಚ್ಚಲ ಹೆರಿಗೆಗೆ ತವರಿಗೆ ಕರೆಯಲಿಲ್ಲವೆಂದು ಜನ ಆಡಿಕೊಂಡರೆ ಆಪರೇಷನ್ ಇದೆಯೆಂದು ಹೇಳು. ಆಡುವ ಬಾಯಿಗೆ ಯಾರೂ ಕೈ ಅಡ್ಡ ಹಿಡಿಯಲಾಗದು.

ಸಜ್ಜಕ ತಿನ್ನು, ಭಾರ ಎತ್ತಬೇಡ. ಕೂಸು ಸುಖವಾಗಿ ಬರಲಿ, ನೀನು ನೂರು ವರ್ಷ ಬಾಳು.

ನಿನ್ನ ಅವ್ವ,
ಅಕ್ಕುತಾಯಿ

ತಾ.ಕ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಪೂರ್ತಿಯಲ್ಲ. ಪಕ್ಕದ ಮನೆಯ ತಾರವ್ವನ ಮೊಮ್ಮಗನಿಗೆ ಇನ್ನೂ ಇಪ್ಪತ್ತೆರಡು ದಿನ. ಮೊನ್ನೆ ಗುರುವಾರ ಎರೆಯಲು ಕರೆದಳು. ಡಾಕ್ಟರರ ಮಾತು ನೆನಪಿತ್ತು. ಕೆಟ್ಟದ್ದು ಎಡಗೈ ತಾನೇ, ಬಲಗೈ ಇದೆಯಲ್ಲ ಎಂಬ ಸೊಕ್ಕಿನಲ್ಲಿ ಹೋದೆ. ನೀರಿಗೆ ಬಲಗೈ ಅದ್ದಿದೆ. "ನೀರ ಆರೈತಿ, ಇನ್ನಷ್ಟ ಕಾದದ್ದ ಹಾಕ" ಎಂದೆ. ಮೊದಲ ತಂಬಿಗೆಗೇ ಕೂಸು ಕಿಟಾರನೆ ಕಿರುಚಿತು. ಎರೆಯುವಾಗ ಅಳದ ಕೂಸು ಎಲ್ಲಿದೆ? "ಅಳಲಿ ಬಿಡ, ಅತ್ತಷ್ಟ ಗಟ್ಟಿ ಆಕ್ಕತಿ" ಎಂದು ನಾನೇ ಹೇಳಿ, ಇನ್ನೆರಡು ತಂಬಿಗೆ ಸುರಿದೆ. ಸಂಜೆಗೆ ಬೆನ್ನ ಮೇಲೆ ಬೊಬ್ಬೆಗಳೆದ್ದವು. ನಿಪ್ಪಾಣಿಯ ಡಾಕ್ಟರರು ಮುಲಾಮು ಕೊಟ್ಟಿದ್ದಾರೆ, ಜೀವಕ್ಕೆ ಅಪಾಯವಿಲ್ಲ, ಹಾಲು ಕುಡಿಯುತ್ತಿದೆ.

ತಾರವ್ವ ನನ್ನನ್ನು ಅನುಮಾನಿಸಲಿಲ್ಲ. "ಅಕ್ಕುತಾಯಿ ಕೈ ತಪ್ಪತೈತೇನು? ಈಕಿ ತವರಿಂದ ಬಂದ ಎಣ್ಣೀನ ಕೆಟ್ಟಿರಬೇಕು" ಎಂದು ಸೊಸೆ ಪೂನಮಳನ್ನು ಮೂರು ದಿನದಿಂದ ಬಯ್ಯುತ್ತಿದ್ದಾಳೆ. ಪೂನಮಳಿಗೆ ತಾಯಿ ಇಲ್ಲ, ನಿನ್ನದೇ ವಯಸ್ಸು. ಅವಳು ಅಳುವುದು ಗೋಡೆಯಾಚೆ ನನಗೆ ಕೇಳುತ್ತದೆ. ನಾನು ಸುಮ್ಮನಿದ್ದೇನೆ.

ಈ ಪತ್ರವನ್ನು ಅಂಚೆ ಡಬ್ಬಿಗೆ ಹಾಕಿ ನೇರ ಅವರ ಮನೆಗೆ ಹೋಗುತ್ತೇನೆ. ಬರೆದು ಕಳಿಸಿದ ಮೇಲೆ ಹಿಂದೆ ಸರಿಯಲಾಗದು, ಅದಕ್ಕೇ ಮೊದಲು ನಿನಗೆ ಬರೆದೆ. ಕೂಸು ಹುಟ್ಟಿ, ನೀನು ಎದ್ದು ಓಡಾಡುವಂತಾದ ಮೇಲೆ ಒಮ್ಮೆ ಕರೆದುಕೊಂಡು ಬಾ. ನನ್ನ ಕೈಗೆ ಕೊಡುವುದೋ ಬೇಡವೋ, ನೀನೇ ನಿರ್ಧರಿಸು. ಬೇಡವೆಂದರೂ ನಾನು ಸಿಟ್ಟಾಗುವುದಿಲ್ಲ.