ಎರಡನೇ ಭಾಗ ಬಂತು, ಐರಿನ್

ಗೆಳತಿ ಐರಿನ್‌ಗೆ,

ನೈಟ್ ಡ್ಯೂಟಿ ಮುಗಿಸಿ ಬಂದವಳು ಮಲಗದೆ ಇದನ್ನು ಬರೆಯುತ್ತಿದ್ದೇನೆ. ಕಣ್ಣು ಉರಿಯುತ್ತಿದೆ, ಕಾಲು ಸೆಳೆಯುತ್ತಿದೆ. ಆದರೂ ನಿನಗೆ ಹೇಳದೆ ನಿದ್ದೆ ಬರುವಂತಿಲ್ಲ. ಹಾಸಿಗೆ ಹಿಡಿದ ಮೇಲೂ ಕೇಳುತ್ತಿದ್ದೆಯಲ್ಲ, ಆ ಸಿನಿಮಾದ ಎರಡನೇ ಭಾಗ ಯಾವಾಗ ಬರುತ್ತದೆ ಅಂತ? ಬಂತು ಮಾರಾಯ್ತಿ. ಇನ್ನೂ ಸ್ವಲ್ಪ ಸಮಯ ತಡೆದುಕೊಂಡಿದ್ದರೆ...

ನಮ್ಮ ಬೆಳಗಿನ ಆಟಗಳು ನೆನಪಾಗುತ್ತವೆ. ಅತ್ತಾವರದ ಆಸ್ಪತ್ರೆಯಿಂದ ಹೊರಬಿದ್ದು, ಯೂನಿಫಾರಂ ಚೀಲಕ್ಕೆ ತುರುಕಿ, ಹೋಟೆಲಿನಲ್ಲಿ ಬನ್ಸ್ ತಿಂದು ನೇರ ಥಿಯೇಟರಿಗೆ. ಇಬ್ಬರಿಗೂ ತೂಕಡಿಕೆ. ಅದಕ್ಕೆ ನೀನೇ ಒಂದು ಏರ್ಪಾಡು ಮಾಡಿದ್ದೆ. ಇಂಟರ್ವಲ್ ತನಕ ನಾನು ನೋಡುವುದು, ನೀನು ಮಲಗುವುದು. ಆಮೇಲೆ ನೀನು ನೋಡುವುದು, ನಾನು ಮಲಗುವುದು. ಫೈಟ್ ಬಂದರೆ ಮಾತ್ರ ಇಬ್ಬರೂ ಎಚ್ಚರ ಇರಬೇಕು. "ಏಳು ಮಾರಾಯ್ತಿ, ಹೊಡೀಲಿಕ್ಕೆ ಶುರು ಮಾಡಿದ" ಅಂತ ನೀನು ನನ್ನ ಪಕ್ಕೆಗೆ ತಿವಿಯುತ್ತಿದ್ದೆ. ವಾಪಸ್ ಬರುವಾಗ ಆಟೋದಲ್ಲಿ ಒಬ್ಬರು ಕಾಣದ ಅರ್ಧವನ್ನು ಇನ್ನೊಬ್ಬರು ಹೇಳುವುದು. ನಿನ್ನ ಜತೆ ಒಂದು ಸಿನಿಮಾವನ್ನೂ ನಾನು ಪೂರ್ತಿ ನೋಡಿಲ್ಲ. ಯಾವುದೂ ಅರ್ಧ ಅಂತ ಅನಿಸಿದ್ದೂ ಇಲ್ಲ.

ಪಡೀಲಿನ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದ ಆ ಭಾನುವಾರ ನಿನ್ನ ಗಂಡ ನಿನ್ನನ್ನು ಹಿಡಿದು ಜಾಡಿಸಿದ್ದು ನೆನಪಿದೆಯಾ? ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವರು, ಪೇಪರಿಗೆ ಸಿನಿಮಾ ವಿಮರ್ಶೆ ಬರೆಯುವವರು, ನಮ್ಮ ವಾಲ್ಟರ್ ಸರ್. ಆ ಸಿನಿಮಾದ ಮೊದಲ ಭಾಗವನ್ನು ಪೇಪರಿನಲ್ಲಿ ಹಿಂಡಿ ಹಿಪ್ಪೆ ಮಾಡಿ ಮುಗಿಸಿದ್ದರು.

"ಎದೆಗೆ ಅಷ್ಟು ಗುಂಡು ಬಿದ್ದವ ಎದ್ದು ಹೊಡೀತಾನಂತೆ. ಅದ್ರಲ್ಲಿ ಎಂತ ಉಂಟು ಐರಿನ್? ನೀನು ನರ್ಸ್ ಅಲ್ವಾ?"

ನೀನು ಅವರ ತಟ್ಟೆಗೆ ಮೀನು ಬಡಿಸುತ್ತಾ ಅಂದೆ, "ನರ್ಸ್ ಆದ ಕಾರಣವೇ ಹೋಗುವುದು. ನಮ್ಮ ವಾರ್ಡಲ್ಲಿ ಯಾರೂ ಹಾಗೆ ಏಳುವುದಿಲ್ಲ. ಅಲ್ಲಿಯಾದ್ರೂ ಒಬ್ಬ ಏಳಲಿ."

ಸರ್ ನಕ್ಕು ಮೀನಿಗೆ ಕೈ ಹಾಕಿದರು. ನನಗೆ ಮಾತ್ರ ಸಿಟ್ಟು ಬಂದಿತ್ತು. ಅವರು ಮೆಚ್ಚುವ ಸಿನಿಮಾ ಎಂಥದ್ದು? ಒಬ್ಬ ಮುದುಕ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತೇ ಇರುತ್ತಾನೆ, ಯಾರೂ ಬರುವುದಿಲ್ಲ. ನಾವು ಅದನ್ನು ಸಂಬಳಕ್ಕೆ ನೋಡುವವರು. ರಜೆಯಲ್ಲೂ ಅದನ್ನೇ ನೋಡಬೇಕಾ?

ಆಮೇಲೆ ನೀನು ನಮ್ಮದೇ ವಾರ್ಡಿಗೆ ಬಂದು ಮಲಗಿದೆ. ಮೊದಲ ಭಾಗದ ಕೊನೆಯಲ್ಲಿ ಹೀರೋ ಮತ್ತೆ ಗುಂಡು ತಿಂದು ಸಮುದ್ರಕ್ಕೆ ಬಿದ್ದ ಅಂತ ಹೇಳಿದವಳು ನೀನೇ, ಅದು ನಿನ್ನ ಪಾಲಿನ ಅರ್ಧ. ಒಂದು ದಿನ ಆಕ್ಸಿಜನ್ ಮಾಸ್ಕ್ ಸರಿಸಿ, "ಅವ ಸತ್ತಿರ್ಲಿಕ್ಕಿಲ್ಲ ಅಲ್ವಾ?" ಅಂತ ಕೇಳಿದೆ. "ಹೀರೋ ಸಾಯ್ತಾನಾ? ಮಾಸ್ಕ್ ಹಾಕು ಮೊದಲು" ಅಂತ ನಾನು ಗದರಿದೆ. ಸರ್ ಅಲ್ಲೇ ನಿನ್ನ ಕಾಲು ಒತ್ತುತ್ತಾ ಕೂತಿದ್ದರು.

ನೀನು ಹೋದ ಮೇಲೆ ಎರಡನೇ ಭಾಗದ ಪೋಸ್ಟರು ಊರೆಲ್ಲ ಬಿದ್ದಾಗ ನಾನು ಮುಖ ತಿರುಗಿಸಿ ಓಡಾಡಿದೆ. ಒಬ್ಬಳೇ ಹೋಗಿ ಯಾರಿಗೆ ಹೇಳಲಿ? ಕಳೆದ ವಾರ ಸರ್ ಫೋನ್ ಮಾಡಿದರು. "ನಿಮ್ಮ ನೈಟ್ ಮುಗಿದ ದಿನ ನಾನೂ ಬರ್ತೇನೆ. ಅವಳು ಕೇಳಿದ್ಲಲ್ಲ..."

ಹೋದೆವು. ಇಂಟರ್ವಲ್ ತನಕ ನಾನು ನನ್ನ ಪಾಲಿನದ್ದು ನೋಡಿದೆ. ಆಮೇಲೆ ಕಣ್ಣು ತಾನಾಗಿ ಮುಚ್ಚಿತು, ನಾನೇನು ಮಾಡಲಿ? ಫೈಟಿಗೆ ಯಾರೂ ತಿವಿಯಲಿಲ್ಲ. ಎಚ್ಚರವಾದಾಗ ಲೈಟು ಹಾಕಿದ್ದರು, ಜನ ಎದ್ದು ಹೋಗುತ್ತಿದ್ದರು. ಸರ್ ಮಾತ್ರ ಕೂತೇ ಇದ್ದರು. ಕನ್ನಡಕ ಕೈಯಲ್ಲಿತ್ತು.

ಆಟೋದಲ್ಲಿ, "ಎಂತಾಯ್ತು ಸರ್?" ಅಂತ ಕೇಳಿದೆ.

ಹೇಳಿದರು ಐರಿನ್! ಕೈ ಬೀಸಿ ಬೀಸಿ, ಡ್ರೈವರ್ ಹಿಂದೆ ತಿರುಗಿ ನೋಡುವ ಹಾಗೆ. ಹಡಗಿನ ಮೇಲಿನ ಫೈಟು, ಒಂದೇ ಏಟಿಗೆ ಹಾರಿಬಿದ್ದ ವಿಲನ್‌ನ ಆಳುಗಳು, ಎಲ್ಲ. ಒಂದು ಕಡೆಯೂ ನಗಲಿಲ್ಲ. "ಬದುಕಿದ" ಅಂದರು ಕೊನೆಗೆ. "ಊರಿಗೆ ವಾಪಸ್ ಬಂದ. ಹೆಂಡತಿ ಬಾಗಿಲಲ್ಲೇ ನಿಂತಿದ್ಲು." ಅಷ್ಟು ಹೇಳಿ ಆ ಕಡೆ ತಿರುಗಿ ಕೂತರು. ನನಗೂ ಅಳು ತಡೆಯಲಾಗಲಿಲ್ಲ. ಈ ವಾರದ ಪೇಪರಿನಲ್ಲಿ ಅವರ ವಿಮರ್ಶೆ ಇರಲಿಲ್ಲ.

ಇವತ್ತು ಬೆಳಿಗ್ಗೆ ಡ್ಯೂಟಿ ಒಪ್ಪಿಸುವಾಗ ಹೊಸ ನರ್ಸ್ ಹುಡುಗಿ ಅದೇ ಸಿನಿಮಾದ ಸುದ್ದಿ ತೆಗೆದಳು. "ಎಲ್ಲ ಒಳ್ಳೇದುಂಟು ಸಿಸ್ಟರ್, ಆದ್ರೆ ಲಾಸ್ಟಿಗೆ ಹೀರೋನನ್ನು ಸಾಯಿಸಬಾರದಿತ್ತು." ನಾನು ಕೈಯಲ್ಲಿದ್ದ ಟ್ರೇ ಕೆಳಗಿಟ್ಟೆ. "ಸತ್ತನಾ?" ಅಂತ ಕೇಳಿದೆ. "ಹೌದು ಸಿಸ್ಟರ್. ಹೆಂಡತಿಯ ಮಡಿಲಲ್ಲೇ."

ನಾನು ಇನ್ನೊಮ್ಮೆ ಹೋಗಿ ನೋಡುವುದಿಲ್ಲ. ಸರ್ ಹತ್ತಿರ ಕೇಳುವುದೂ ಇಲ್ಲ. ಆ ಹುಡುಗಿಯೂ ನೈಟ್ ಮುಗಿಸಿಯೇ ಹೋದವಳು, ನಿದ್ದೆಗಣ್ಣಲ್ಲಿ ಏನು ಕಂಡಳೋ ಯಾರಿಗೆ ಗೊತ್ತು? ನೀನು ನಿನ್ನ ಗಂಡ ಹೇಳಿದ್ದನ್ನು ನಂಬು. ಅವನು ಬದುಕಿದ, ಐರಿನ್. ಊರಿಗೆ ವಾಪಸ್ ಬಂದ.

ನಿನ್ನ,
ಸುಜಾತ